ನೀಲಿಯ ರುಚಿ ನೋಡಿದವರು

"ಅಜ್ಜಾರ, ದುಡಿದು ಸತ್ತವರನ್ನು ನೆನೆಯುವುದು ಹೇಗ್ರಿ?"

ಕೇಳಿದವನು ಶಾಂತವೀರ. ಅವನು ಮಠಕ್ಕೆ ಶಿಷ್ಯನಾಗಿ ಬಂದು ಆರು ವರ್ಷವಾಗಿತ್ತು. ಊರ ಹಳ್ಳದ ದಂಡೆಯಲ್ಲಿ ಹಿಂದೊಮ್ಮೆ ನೂಲಿಗೆ ನೀಲಿ ಹಾಕುವ ಕೆಲಸ ನಡೆಯುತ್ತಿತ್ತು. ಅದು ನಿಂತು ಬಹಳ ಕಾಲವಾಗಿತ್ತು. ಅಲ್ಲಿ ದುಡಿದವರ ನೆನಪಿಗೆ ಊರವರು ಒಂದು ಕಲ್ಲು ನಿಲ್ಲಿಸುವವರಿದ್ದರು. ಅಂದು ನಾಲ್ಕು ಮಾತಾಡಲು ಶಾಂತವೀರನನ್ನು ಕರೆದಿದ್ದರು. ಅವನು ಮಾತು ಬರೆದು ಮುಗಿಸಿದ್ದ. ಕೊನೆಯ ಸಾಲು ಮಾತ್ರ ಕೂಡಿಬಂದಿರಲಿಲ್ಲ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದರು. "ನಿನಗೆ ಬೇಕಾಗಿರುವುದು ಉತ್ತರವೋ, ಕೊನೆಯ ಸಾಲೋ?" ಎಂದರು.

"ಎರಡೂ ಬೇಕ್ರಿ."

"ಆಸೆಬುರುಕ! ಕೂಡು. ನಾನು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡ" ಎಂದು ಅಜ್ಜಾರು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ ತಮ್ಮಾ, ಯಾಕೆಂದರೆ ಕತೆಯಲ್ಲಿ ಸಾಹುಕಾರ ಬಂದ ಕೂಡಲೇ ನೀನು ಹಲ್ಲು ಕಡಿಯುವವನು. ಅವನು ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಗರಜೇ ಇರಲಿಲ್ಲ.

ಅವನ ಅಪ್ಪ ನೀಲಿಯ ಕಾರಖಾನೆ ನಡೆಸಿದವನು. ನೆಲದಲ್ಲಿ ಇಪ್ಪತ್ತು ದೊಡ್ಡ ಬಾನಿಗಳನ್ನು ಹೂತಿದ್ದರು. ಒಂದೊಂದರಲ್ಲೂ ಎದೆಮಟ್ಟ ನೀರು. ಆ ನೀರಿನಲ್ಲಿ ನೀಲಿ, ಸುಣ್ಣ, ಬೆಲ್ಲ ಕೂಡಿಸಿ ಕೊಳೆಯಲು ಬಿಡುತ್ತಿದ್ದರು. ನೀರು ಹದಕ್ಕೆ ಬಂದಿದ್ದರೆ ನೂಲಿಗೆ ಬಣ್ಣ ಹತ್ತುತ್ತದೆ. ಹದ ತಪ್ಪಿತೋ, ತೊಳೆದ ಕೂಡಲೇ ಬಣ್ಣವೆಲ್ಲ ಹಳ್ಳದ ಪಾಲು. ಹದ ನೋಡುವುದಕ್ಕೆ ಆಗ ಯಂತ್ರವಿತ್ತೇ? ನಾಲಿಗೆ ಇತ್ತು. ಬಣ್ಣದವನು ಬೆಳಿಗ್ಗೆ ಸಂಜೆ ಬಾನಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಸುಣ್ಣ ಸಾಲದಿದ್ದರೆ ಸಪ್ಪೆ, ಹೆಚ್ಚಾದರೆ ಉರಿ. ಥೂ ಎಂದು ಉಗುಳಿ, ಇನ್ನೊಂದು ಹಿಡಿ ಸುಣ್ಣ ಹಾಕ್ರಿ ಎನ್ನುತ್ತಿದ್ದ, ಇಲ್ಲವೇ ಸಾಕು ಎನ್ನುತ್ತಿದ್ದ. ಅಷ್ಟೇ ಅವನ ವಿದ್ಯೆ. ಆ ಊರ ನೀಲಿ ಸೀರೆಯನ್ನು ಹತ್ತು ಸಲ ಒಗೆದರೂ ಬಣ್ಣ ಬಿಡುವುದಿಲ್ಲ ಎಂದು ಹೆಂಗಸರು ಹೊಗಳುತ್ತಿದ್ದರು. ಸೀರೆಯನ್ನು ಹೊಗಳಿದರು, ನೇಯ್ದವನನ್ನು ಹೊಗಳಿದರು, ಮಾರಿದವನನ್ನೂ ಹೊಗಳಿದರು. ನಾಲಿಗೆಯ ಸುದ್ದಿ ಯಾರೂ ಎತ್ತಲಿಲ್ಲ.

ಮುಂದೆ ಗಿರಣಿಯ ಬಣ್ಣದ ನೂಲು ಬಂತು. ಅಗ್ಗದ ಮಾಲು ಮನೆಬಾಗಿಲಿಗೆ ಬಂದರೆ ಯಾರು ಬಿಟ್ಟಾರು? ಬಾನಿಗಳು ಒಣಗಿದವು. ಬಣ್ಣದವರು ಕಲ್ಲು ಒಡೆಯಲು ಹೋದರು, ಕೂಲಿಗೆ ಹೋದರು, ಹೋದಲ್ಲೇ ಕೆಲವರು ಸತ್ತರು. ಅಪ್ಪ ಸಾಹುಕಾರನೂ ಹಾಸಿಗೆ ಹಿಡಿದ.

ಸಾಯುವ ಮುಂಚೆ ಅವನು ಮಗನನ್ನು ಹತ್ತಿರ ಕರೆದ. "ವರ್ಷಕ್ಕೊಮ್ಮೆ ಬಣ್ಣದವರನ್ನು ಕರೆದು ಊಟ ಹಾಕು. ಉಂಡ ಮೇಲೆ, ರುಚಿಯಾಗಿತ್ತೇನು ಎಂದು ಕೇಳು. ಅವರ ನಾಲಿಗೆಗೆ ರುಚಿ ಹತ್ತಿದ ದಿನ ನನ್ನ ಜೀವ ತಣ್ಣಗಾಗುತ್ತದೆ" ಎಂದ. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿಕೊಂಡ. ಮಗ ಅಪ್ಪನ ಕೈಮೇಲೆ ಕೈ ಇಟ್ಟು ಮಾತು ಕೊಟ್ಟ.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಮೊದಲ ವರ್ಷ ಹದಿನಾಲ್ಕು ಮಂದಿ ಬಣ್ಣದವರು ಬಂದರು. ಅವರಲ್ಲಿ ಹಿರಿಯ ಹುಲಿಗೆಪ್ಪ. ಅವನದು ಮೊದಲ ಎಲೆ. ಅವನು ಮೊದಲ ತುತ್ತು ಎತ್ತಿ ಬಾಯಿಗಿಟ್ಟ ಮೇಲೆಯೇ ಉಳಿದವರ ಕೈ ಎಲೆಗೆ ಹೋಗಬೇಕು. ಹಾಗೆಂದು ಸಾಹುಕಾರನೇ ಗೊತ್ತುಮಾಡಿದ್ದ. ತಾನು ಪಂಚೆ ಬಿಗಿದು ಕಟ್ಟಿ ನಿಂತು ಬಡಿಸುತ್ತಿದ್ದ. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಬ್ಯಾಡ ಬ್ಯಾಡ ಎಂದರೂ ಬಿಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹುಲಿಗೆಪ್ಪನ ಮುಂದೆ ಬಗ್ಗಿ, "ರುಚಿಯಾಗಿತ್ತೇನು ಅಜ್ಜಾ?" ಎಂದು ಕೇಳುತ್ತಿದ್ದ.

"ರುಚಿಯಾಗಿತ್ರಿ ಸಾವ್ಕಾರ್ರ" ಎನ್ನುತ್ತಿದ್ದ ಹುಲಿಗೆಪ್ಪ.

ಆ ಒಂದು ಮಾತಿಗೆ ಸಾಹುಕಾರನ ಕಣ್ಣು ತುಂಬುತ್ತಿತ್ತು. ಅಪ್ಪನ ಜೀವ ತಣ್ಣಗಾಯಿತು ಎಂದುಕೊಳ್ಳುತ್ತಿದ್ದ. ಆ ದಿನ ಅವನಿಗೆ ಒಳ್ಳೆಯ ನಿದ್ದೆ. ಹೀಗೆ ಒಂಬತ್ತು ವರ್ಷ ನಡೆಯಿತು. ಊರೂ ಮೆಚ್ಚಿತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಮಾತಿದೆಯಲ್ಲ, ಇವನು ನೀಲಿ ಹಾಕಿದವರನ್ನು ನೆನೆಯುತ್ತಾನೆ ನೋಡಿ ಎಂದು ಜನ ಮಕ್ಕಳಿಗೆ ತೋರಿಸಿ ಹೇಳುತ್ತಿದ್ದರು. ಹೇಳಿದವರು ಊಟಕ್ಕೂ ಬರುತ್ತಿದ್ದರು, ಬಿಡು. ಹುಗ್ಗಿ ಎಂದರೆ ಯಾರಿಗೆ ಬೇಡ?

ಹತ್ತನೆಯ ವರ್ಷಕ್ಕೆ ಹದಿನಾಲ್ಕು ಮಂದಿಯಲ್ಲಿ ಉಳಿದವನು ಹುಲಿಗೆಪ್ಪ ಒಬ್ಬನೇ. ಸಾಹುಕಾರನಿಗೆ ಕಳವಳ ಶುರುವಾಯಿತು. ಇವನೂ ಹೋದರೆ ಅಪ್ಪನಿಗೆ ಆ ಮಾತು ಹೇಳುವವರು ಯಾರು? ಈ ಸಲದ ಊಟ ಇಡೀ ಸೀಮೆ ನೆನಪಿಡುವಂತಿರಬೇಕು ಎಂದು ದೂರದಿಂದ ಹೊಸ ಅಡುಗೆಯವನನ್ನು ಕರೆಸಿದ. ಊರ ಹಿರಿಯರನ್ನೆಲ್ಲ ಕರೆದ. ನೂರು ಎಲೆ ಹಾಕಿಸಿದ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಊಟದ ದಿನ ಸಾರಿಗೆ ಉಪ್ಪನ್ನು ಮನೆಯ ಯಜಮಾನನೇ ತನ್ನ ಕೈಯಾರೆ ಹಾಕಬೇಕು. ಎಡೆ ಹಿಡಿಯುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಚ್ಚುವಂತಿಲ್ಲ. ಹೊಸ ಅಡುಗೆಯವನಿಗೆ ಪಾಪ, ಇದೇನು ಗೊತ್ತು? ಅವನು ಹಾಕುವಷ್ಟು ಹಾಕಿದ್ದ. ಅವನು ನೀರಿಗೆ ಹೋದಾಗ ಅವನ ಹೆಂಡತಿ, ಗಂಡ ಮರೆತಿರಬೇಕು ಎಂದು ಇನ್ನೊಂದಿಷ್ಟು ಹಾಕಿದಳು. ಕೊನೆಗೆ ಸಾಹುಕಾರ ಮಡಿಯುಟ್ಟು ಬಂದು, ಅಪ್ಪನನ್ನು ನೆನೆದು, ಎರಡೂ ಕೈ ತುಂಬ ಎತ್ತಿ ಹಾಕಿದ. ಭಕ್ತಿ ಹೆಚ್ಚಾದಾಗ ಕೈ ದೊಡ್ಡದಾಗುತ್ತದೆ.

ಎಲೆ ಹಾಕಿದರು. ಸಾಹುಕಾರ ಮೊದಲ ಎಲೆಗೆ ಬಿಸಿ ಅನ್ನ, ಸಾರು ಬಡಿಸಿದ. ಹುಲಿಗೆಪ್ಪ ಕಲಸಿ ಒಂದು ತುತ್ತು ಉಂಡ. ಎರಡು ಉಂಡ. ಐದು ಉಂಡ. ಉಳಿದ ಎಲೆಗಳಿಗೆ ಇನ್ನೂ ಬಡಿಸುತ್ತಿದ್ದರು. ಈ ಸಲ ಸಾಹುಕಾರನಿಗೆ ಊಟ ಮುಗಿಯುವ ತನಕ ತಡೆಯಲಾಗಲಿಲ್ಲ. ಅಲ್ಲೇ ಬಗ್ಗಿ, "ರುಚಿಯಾಗಿದೆಯೇನು ಅಜ್ಜಾ?" ಎಂದು ಕೇಳಿದ.

"ರುಚಿಯಾಗೈತ್ರಿ ಸಾವ್ಕಾರ್ರ."

ಸಾಹುಕಾರ ಕೈ ಮುಗಿದು ಪಂಕ್ತಿಯ ಕಡೆ ತಿರುಗಿ, ಇನ್ನು ಊಟಮಾಡಿ ಎಂದ. ನೂರು ಜನ ತುತ್ತು ಎತ್ತಿದರು. ನೂರು ಜನರ ಮುಖವೂ ಹುಳ್ಳಗಾಯಿತು. ಒಬ್ಬ ಉಗುಳಿದ. ಇನ್ನೊಬ್ಬ ನೀರಿಗೆ ಕೈ ಚಾಚಿದ. ಊರ ಗೌಡ ಎದ್ದೇ ಬಿಟ್ಟ. "ಏನಪ್ಪಾ, ಸಮುದ್ರವನ್ನೇ ತಂದು ಬಡಿಸಿದ್ದೀಯಲ್ಲ!" ಎಂದ. ಸಾಹುಕಾರ ಒಂದು ತೊಟ್ಟು ಸಾರನ್ನು ನಾಲಿಗೆಗೆ ಹಚ್ಚಿ ನೋಡಿದ. ಬರಿಯ ಉಪ್ಪು. ತಿರುಗಿ ನೋಡಿದರೆ ಹುಲಿಗೆಪ್ಪ ಅದೇ ಅನ್ನವನ್ನು ಉಣ್ಣುತ್ತಲೇ ಇದ್ದಾನೆ!

ಸಾಹುಕಾರನಿಗೆ ನಖಶಿಖಾಂತ ಉರಿಯಿತು. ನೂರು ಜನರೆದುರು ಮಾನ ಹೋಗಿತ್ತು, ಹೋಗಲಿ; ಅಪ್ಪನಿಗೆ ಮುಟ್ಟಬೇಕಾದ ಮಾತು ಸುಳ್ಳಾಗಿತ್ತು. "ಇದನ್ನು ರುಚಿ ಅಂದೆಯಾ ಅಜ್ಜಾ? ಬಾಯಿಗಿಡಲು ಬಾರದ್ದನ್ನು ರುಚಿ ಅಂದೆಯಾ? ಹತ್ತು ವರ್ಷ ಉಂಡ ಮನೆಗೆ ಇದೇನು ಅಣಕ?" ಎಂದು ಚೀರಿದ.

ಹುಲಿಗೆಪ್ಪ ತುತ್ತನ್ನು ಎಲೆಗೆ ಇಳಿಸಿದ. "ಕೆಟ್ಟೈತೇನ್ರಿ? ನನಗ ತಿಳೀಲಿಲ್ರಿ" ಎಂದ. ಸಾಹುಕಾರ ನಂಬಲಿಲ್ಲ. ಆಗ ಮುದುಕ ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಿದ. ಅದು ತೊಳೆದ ಹಲಗೆಯಂತೆ ನುಣ್ಣಗಿತ್ತು. ನಡುವೆ ಸುಣ್ಣ ಸುಟ್ಟ ಬಿಳಿಯ ಗಾಯದ ಗುರುತು, ಅಂಚಿಗೆ ಕಪ್ಪು. ಮುಂದೆ ಕೂತವರು ಮುಖ ತಿರುಗಿಸಿದರು.

"ಬಾನಿ ನೆಕ್ಕಿದ ನಾಲಿಗಿರಿ ಇದು. ಮೂವತ್ತು ವರ್ಷ ನೆಕ್ಕೇವಿ. ಹತ್ತು ವರ್ಷಕ್ಕ ಉಪ್ಪು ಹೋತು, ಆಮ್ಯಾಲ ಬೆಲ್ಲ ಹೋತು. ನನಗಷ್ಟ ಅಲ್ರಿ, ಹದಿನಾಕೂ ಮಂದಿಗೆ ಹಿಂಗ ಇತ್ತು. ನೀವು ಕರೀತೀರಿ, ನಾವು ಬರ್ತೀವಿ. ನೀವು ಕೇಳ್ತೀರಿ. ನಿಮ್ಮ ಮಾರಿ ನೋಡಿದ್ರ ಇಲ್ಲ ಅನ್ನಾಕ ಮನಸ್ಸು ಬರ್ತಿದ್ದಿಲ್ಲ. ಉಂಡ ಮನ್ಯಾಗ ಚಲೋ ಅನಬೇಕಲ್ರಿ? ಹಸಿವು ಹೋಗ್ತಿತ್ತು. ಹಸಿವಿಗೇನು ನಾಲಿಗಿ ಬೇಕಾಗಿಲ್ಲ."

ಸಾಹುಕಾರ ಅವನತ್ತ ಬಗ್ಗಿದ. "ನಮ್ಮಪ್ಪನಿಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ಬಿಡಿಸುತ್ತಿದ್ದನಲ್ಲ!"

ಹುಲಿಗೆಪ್ಪ ತಲೆ ತಗ್ಗಿಸಿದ. "ಹೇಳಿದ್ವಿರಿ. ನಾನ ಹೋಗಿ ಕಾಲು ಹಿಡದಿದ್ದೆ. ರುಚಿ ಗೊತ್ತಾಗವಲ್ದು, ಒಂದೆರಡು ವರ್ಷ ಬ್ಯಾರೆ ಕೆಲಸಕ್ಕ ಹಚ್ರಿ ಅಂದೆ. ಸುಣ್ಣ ಸುಡೂದು ಗೊತ್ತಾಕ್ಕೈತಿಲ್ಲೋ ಅಂದ್ರು ನಿಮ್ಮಪ್ಪಾರು. ಗೊತ್ತಾಕ್ಕೈತ್ರಿ ಅಂದೆ. ಬಾನಿಗೆ ಅಷ್ಟ ಸಾಕು, ನಡಿ ಅಂದ್ರು."

ಸಾಹುಕಾರನಿಗೆ ಅಪ್ಪ ಗೋಡೆಯ ಕಡೆ ಯಾಕೆ ಹೊರಳಿಕೊಂಡ ಎಂಬುದು ಆಗ ತಿಳಿಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮಗನ ಕೈಯಲ್ಲಿ ಮಾತು ತೆಗೆದುಕೊಂಡಿದ್ದ. ಆ ನಾಲಿಗೆಗಳಿಗೆ ಇನ್ನು ಎಂದಾದರೂ ರುಚಿ ಹತ್ತೀತೇ? ಒಂಬತ್ತು ವರ್ಷ ತಾನು ಬಡಿಸಿದ್ದು, ಬಗ್ಗಿದ್ದು, ಕಣ್ಣು ತುಂಬಿಕೊಂಡಿದ್ದು, ನಿಶ್ಚಿಂತೆಯಿಂದ ಮಲಗಿದ್ದು ಎಲ್ಲ ಅವನ ಎದೆಗೆ ಒದ್ದವು. ಅಯ್ಯೋ ಶಿವನೇ ಎಂದು ಅಲ್ಲೇ ನೆಲದ ಮೇಲೆ ಕುಸಿದ. ಅಪ್ಪನನ್ನು ಬೈಯಲು ಬಾಯಿ ಬರಲಿಲ್ಲ, ಕ್ಷಮಿಸಲು ಮನಸ್ಸು ಬರಲಿಲ್ಲ. ಹುಲಿಗೆಪ್ಪನೇ ಎದ್ದು ಬಂದು ಅವನಿಗೆ ಒಂದು ಲೋಟ ನೀರು ಕೊಟ್ಟ.

ನೀರು ಕುಡಿದ ಸಾಹುಕಾರ ಮುದುಕನ ಕೈ ಹಿಡಿದುಕೊಂಡ. "ಬರುವ ವರ್ಷ ಬಡಿಸುವುದಿಲ್ಲ ಅಜ್ಜಾ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ನಿನಗೆ ಹೇಗೋ ನನಗೂ ಹಾಗೆ. ನಿನ್ನ ಪಕ್ಕದಲ್ಲಿ ಕೂತು ಉಣ್ಣುತ್ತೇನೆ. ನೀವು ಉಂಡದ್ದನ್ನು ನಾನೂ ಉಂಡು ನೆನೆಯುತ್ತೇನೆ" ಎಂದು ನೂರು ಜನರ ಎದುರು ಆಣೆ ಮಾಡಿದ. ಮಾತಿಗೆ ತಪ್ಪುವವನಲ್ಲ, ಮೊದಲೇ ಹೇಳಿದ್ದೇನೆ. ವರ್ಷ ತಿರುಗಿತು. ಹುಲಿಗೆಪ್ಪ ಇನ್ನೂ ಇದ್ದ. ಎರಡೇ ಎಲೆ ಹಾಕಿಸಿದರು. ಬರಿಯ ನೀರಿನಲ್ಲಿ ಬೆಂದ ಅನ್ನ, ಬರಿಯ ನೀರಿನಲ್ಲಿ ಬೆಂದ ಬೇಳೆ. ಸಾಹುಕಾರ ಮುದುಕನ ಪಕ್ಕದಲ್ಲಿ ಮೊಣಕಾಲು ಮುಟ್ಟುವ ಹಾಗೆ ಕೂತ.

ಅಷ್ಟು ಹೇಳಿ ಅಜ್ಜಾರು ನಿಲ್ಲಿಸಿದರು. ಚಾಚಿದ್ದ ಕಾಲನ್ನು ಮಡಚಿಕೊಂಡರು.

ಶಾಂತವೀರನ ಮುಖ ಅರಳಿತು. ಬೇಕಾಗಿದ್ದ ಕೊನೆಯ ಸಾಲು ಸಿಕ್ಕಿತು ಎಂದುಕೊಂಡ. ಹಾಳೆ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು, "ಹಂಗಾರ ಇದೇ ಖರೇ ನೆನಪು ಅಂದಂಗಾತ್ರಿ ಅಜ್ಜಾರ! ಅವರು ಉಂಡದ್ದನ್ನು ತಾನೂ ಉಂಡ" ಎಂದ.

ಅಜ್ಜಾರು ಅವನನ್ನು ದಿಟ್ಟಿಸಿ ನೋಡಿದರು.

"ಮೂರನೆಯ ತುತ್ತಿಗೆ ಸಾಹುಕಾರ ಎದ್ದು ಕೈ ತೊಳೆದುಕೊಂಡ. ಹುಲಿಗೆಪ್ಪ ಉಣ್ಣುತ್ತಲೇ ಇದ್ದ."