ತೀರ್ಪಿನ ನಾಲ್ಕನೇ ಸಾಲು

ವಕೀಲ ವಾಮನರಾಯರು ವಾದಕ್ಕೆ ನಿಂತರೆ ಕೋರ್ಟಿನ ಫ್ಯಾನೂ ತಿರುಗುವುದು ಬಿಟ್ಟು ಕೇಳುತ್ತಿತ್ತಂತೆ. ಅಂಥವರು ಪಕ್ಕದ ಮನೆಯ ನೇಕಾರ ಮಾಗುಂಡಪ್ಪನ ಮೇಲೆ ದಾವೆ ಹೂಡಿದರು. ಮಗ್ಗದ ಸದ್ದಿಗೆ ನಿದ್ದೆಯಿಲ್ಲ, ಮಗ್ಗ ಕೀಳಿಸಬೇಕು! ಮಗ್ಗ ಹೋದರೆ ಮಾಗುಂಡಪ್ಪನ ಒಲೆ ಆರಿದಂತೆಯೇ.

ರಾಯರು ದಪ್ಪ ಪುಸ್ತಕ ಬಿಚ್ಚಿದರು. "ಹಿಂದೆ ಮೇಲಿನ ಕೋರ್ಟು ಸದ್ದು ಮಾಡುವ ಗಿರಣಿಯನ್ನು ಊರೊಳಗಿಂದ ಎತ್ತಿಸಿದೆ. ಆ ತೀರ್ಪಿನ ಅಕ್ಷರ ಅಕ್ಷರಕ್ಕೂ ನಾವು ಬದ್ಧರು, ಸ್ವಾಮಿ!"

ಜಡ್ಜರು ಪೆನ್ನು ಎತ್ತಿದರು. ವಕೀಲರಿಲ್ಲದ ಮಾಗುಂಡಪ್ಪ ತಾನೇ ಎದ್ದು ನಿಂತ. ಕೈಮುಗಿದ.

"ಸಾಹೇಬ್ರ, ಆ ತೀರ್ಪು ನನಗೂ ಒಪ್ಪಿಗಿ ಐತ್ರಿ. ರಾಯರಿಗೂ ಅಕ್ಷರ ಅಕ್ಷರ ಒಪ್ಪಿಗಿ ಅಂತ ಬರಕೊಳ್ರಿ."

"ಬರೆದುಕೊಳ್ಳಿ, ಬರೆದುಕೊಳ್ಳಿ!" ರಾಯರು ಕೋಟು ಕೊಡವಿದರು.

"ಆದ್ರ ನಾವು ನೇಕಾರ್ರು. ಸೆರಗಷ್ಟ ನೋಡಿ ಸೀರಿ ಒಪ್ಪಂಗಿಲ್ರಿ. ದಾವೆ ಕಾಗದದ ಜೋಡಿ ಬಂದ ಆ ಪುಟಗಳ ನಕಲು ಪೂರ್ತಿ ಓದಿಸಿ ಕೇಳೇನ್ರಿ. ಮುಂದಿನ ಪುಟದ ನಾಕನೇ ಸಾಲು ಓದಸ್ರಿ."

ರಾಯರ ಕೈ ಪುಸ್ತಕದ ಮೇಲೇ ಉಳಿಯಿತು. ಜಡ್ಜರೇ ತರಿಸಿಕೊಂಡು ಓದಿದರು: "ಮನೆಗಳು ಮೊದಲಿದ್ದವು, ಗಿರಣಿ ಆಮೇಲೆ ಬಂತು. ಆಮೇಲೆ ಬಂದವರೇ ಜಾಗ ಬಿಡತಕ್ಕದ್ದು."

"ಮಗ್ಗ ಯಾವಾಗಿನದು?"

"ನಮ್ಮ ಮುತ್ಯಾನ ಕಾಲದ್ದರಿ."

"ರಾಯರೇ, ನಿಮ್ಮ ಮನೆ?"

ರಾಯರ ದನಿ ನೂಲಿನಷ್ಟಾಯಿತು. "ಹೋದ ಯುಗಾದಿಗೆ ಕಟ್ಟಿಸಿದ್ದು. ದಾವೆ ವಾಪಸ್ ತಗೊಳ್ತೀನಿ, ಸ್ವಾಮಿ."

ಜಡ್ಜರು ನಗು ತಡೆದುಕೊಂಡರು. "ಮಾಗುಂಡಪ್ಪ, ಈ ಲೆಕ್ಕದಲ್ಲಿ ಅವರೇ ಜಾಗ ಬಿಡಬೇಕು. ಏನಂತೀಯ?"

"ಇರಲಿ ಬಿಡ್ರಿ ಸಾಹೇಬ್ರ. ಅವರ ಗದ್ದಲ ನಮ್ಮ ಮಗ್ಗಕ್ಕ ರೂಢಿ ಆಗೇತ್ರಿ."