ಗೋಡೆಯ ಪಕ್ಕ ನಡೆದ ನೀರು

ನೆಲದಾಳದಿಂದ ಬಂದ ಕಚ್ಚಾ ಎಣ್ಣೆಯನ್ನು ಕೊಳವೆಯೊಳಗೆ ತಳ್ಳುವ ಕೆಲಸ ಒಂದು ಮುದಿ ಪಂಪಿನದು. ನರಳದೆ ಮಾಡಿದ್ದು ದುಡಿಮೆಯೇ ಅಲ್ಲ ಎಂಬುದು ಅದರ ನಂಬಿಕೆ. ಆ ಸಲ ಬಂದ ಎಣ್ಣೆಯೋ, ಆರಿದ ಬೆಲ್ಲದ ಪಾಕದಂತೆ ಗಟ್ಟಿ. ಪಂಪು ಮೂರು ದಿನ ತಳ್ಳಿದರೂ ಅದು ಕೊಳವೆಯ ಗೋಡೆಯನ್ನು ತಬ್ಬಿಕೊಂಡು ಕದಲಲಿಲ್ಲ. ಪಂಪು ಒಲೆ ಹೊತ್ತಿಸಿ ಎಣ್ಣೆಯನ್ನು ಕಾಯಿಸಿ ನೋಡಿತು. ಎಣ್ಣೆ ಕರಗಿ ಹರಿಯಿತು, ಆದರೆ ಒಂದು ಮೈಲಿ ದಾಟುವಷ್ಟರಲ್ಲಿ ತಣ್ಣಗಾಗಿ ಮತ್ತೆ ಕೂತುಬಿಟ್ಟಿತು.

"ಇನ್ನೊಂದು ದಿನ ಹೀಗಾದರೆ ನನ್ನನ್ನು ಗುಜರಿಗೆ ಹಾಕುತ್ತಾರೆ" ಎಂದು ಪಂಪು ನರಳಿತು.

ಪಕ್ಕದ ತೊಟ್ಟಿಯ ನೀರು ಕೇಳಿತು: "ಅಜ್ಜ, ನಾನೂ ಜೊತೆಗೆ ಹೋಗಲೇ?"

"ಎಣ್ಣೆಯೂ ನೀರೂ ಎಂದಾದರೂ ಬೆರೆತದ್ದುಂಟೆ?"

"ಬೆರೆಯದಿರುವುದೇ ಒಳ್ಳೆಯದು. ಎಣ್ಣೆ ನಡುವೆ ಹೋಗಲಿ. ನಾನು ಅದರ ಸುತ್ತ, ಗೋಡೆಗೆ ಅಂಟಿಕೊಂಡು ಹೋಗುತ್ತೇನೆ."

ಬೇರೆ ದಾರಿ ಕಾಣದೆ ಪಂಪು ಒಪ್ಪಿತು. ಹಲ್ಲುಕಚ್ಚಿ ತಳ್ಳಿತು. ಭಾರವೇ ತಟ್ಟಲಿಲ್ಲ! ಒತ್ತಡ ತೋರಿಸುವ ಮುಳ್ಳು ಸರ್ರನೆ ಕೆಳಗಿಳಿಯಿತು.

"ಅಯ್ಯೋ, ಕೊಳವೆ ಒಡೆದುಹೋಯಿತು!" ಎಂದು ಪಂಪು ನಿಲ್ಲಲು ಹೊರಟಿತು.

"ನಿಲ್ಲಬೇಡಿ ಅಜ್ಜ, ನಾನು ನೆಟ್ಟಗಿದ್ದೇನೆ" ಎಂದಿತು ಕೊಳವೆ. "ಬೆಟ್ಟದಂಥ ಎಣ್ಣೆ ನನ್ನೊಳಗೆ ಹಾದುಹೋಗುತ್ತಿದೆ. ನನ್ನ ಮೈಗೆ ತಾಕುತ್ತಿರುವುದು ನೀರೊಂದೇ."

ಪಂಪು ಬೆರಗಾಯಿತು. "ಹಾಗಾದರೆ ಅದನ್ನು ಸಾಗಿಸುತ್ತಿರುವವರು ಯಾರು?"

"ನೀವೇ ಅಜ್ಜ" ಎಂದಿತು ನೀರು, ಮುಂದೆ ಜಾರುತ್ತಲೇ. "ಗೋಡೆಯನ್ನು ಹಿಡಿದಿದ್ದ ಎಣ್ಣೆಯ ಕೈಯನ್ನು ನಾನು ಬಿಡಿಸಿದೆ, ಅಷ್ಟೆ."

ಪಂಪು ತಳ್ಳುತ್ತಲೇ ಇತ್ತು. ಆದರೆ ಈ ಸಲ ನರಳಲಿಲ್ಲ.