ಕಾಗೆಗೆ ಕೊಟ್ಟ ಪಾಸು

ಹುಣಸೆತೋಪಿನಲ್ಲಿ ಮೊನ್ನೆ ಘೋರ ಸಂಗತಿಯೊಂದು ನಡೆಯಿತು: ಫುಟ್‌ಬಾಲ್ ಟಿಕೆಟ್ಟು ಒಂದು ಕಡಲೆಕಾಯಿಯಿಂದ ಐದಕ್ಕೇರಿತು. ಹೊಸ ಆಟಗಾರನಾಗಿ ನವಿಲನ್ನು ಮೂರು ವರ್ಷದ ಕರಾರಿನ ಮೇಲೆ ತಂದಿರುವುದರಿಂದ ಇದು ಅನಿವಾರ್ಯವೆಂದು ಕ್ಲಬ್ಬಿನ ಕಾರ್ಯದರ್ಶಿ ಮುಂಗುಸಿ ಸಾರಿತು.

ಹನ್ನೊಂದು ವರ್ಷ ಒಂದು ಪಂದ್ಯವನ್ನೂ ತಪ್ಪಿಸದ ಮುದಿ ಕಾಗೆಯೂ ಐದು ಕೊಡಲು ಒಪ್ಪಲಿಲ್ಲ. ಅದು ಉಳಿದ ಕಾಗೆಗಳೊಂದಿಗೆ ಗೇಟಿನ ಹೊರಗೇ ಕೂತಿತು. ಒಳಗೆ ಹುರಿದುಂಬಿಸುವವರಿಲ್ಲದೆ ನವಿಲು ಎರಡು ಪಂದ್ಯಗಳಲ್ಲಿ ಚೆಂಡನ್ನೇ ಮುಟ್ಟಲಿಲ್ಲ.

ಮುಂಗುಸಿ ಮೆಲ್ಲಗೆ ಬಂದು, "ಕಾಗಕ್ಕಾ, ನಿಮಗೊಬ್ಬರಿಗೆ ವರ್ಷವಿಡೀ ಪುಕ್ಕಟೆ ಪಾಸು. ಯಾರಿಗೂ ಹೇಳಬೇಡಿ," ಎಂದಿತು.

ಕಾಗೆಗೆ ಆಸೆಯೇನೋ ಆಯಿತು. ಆದರೆ ಏನು ಸಿಕ್ಕರೂ ಎಲ್ಲರನ್ನೂ ಕೂಗುವುದು ಅದರ ಹುಟ್ಟುಗುಣ. "ಕಾ!" ಎಂದಿತು. ನಾನೂರು ಕಾಗೆಗಳು ಬಂದಿಳಿದವು.

"ಒಬ್ಬರಿಗೆ ಅಂದೆನಲ್ಲ!" ಎಂದು ಮುಂಗುಸಿ ಚೀರಿತು.

"ಹಾಗಾದರೆ ನೀವೇ ಇಟ್ಟುಕೊಳ್ಳಿ ಸ್ವಾಮಿ. ನಿಮ್ಮ ನವಿಲಿಗೆ ನೀವೇ ಕೂಗಿ, ಗಂಟಲಿದೆಯೋ ನೋಡೋಣ," ಎಂದು ಕಾಗೆ ಪಾಸನ್ನು ಗೇಟಿಗೆ ಸಿಕ್ಕಿಸಿ ಹಾರಿತು. ನಾನೂರೂ ಅದರ ಹಿಂದೆ ಹಾರಿದವು.

ಮುಂದಿನ ಪಂದ್ಯಕ್ಕೆ ಟಿಕೆಟ್ಟು ಕೊಂಡು ಬಂದದ್ದು ಒಂದೇ ಒಂದು ಗೂಬೆ. ಅದೂ ಆಟ ಮುಗಿಯುವವರೆಗೆ ನಿದ್ದೆ ಮಾಡಿತು. ಅದೇ ವಾರ ಕ್ಲಬ್ಬು ನವಿಲಿನ ಕರಾರನ್ನು ರದ್ದು ಮಾಡಿತು.